ಗರಗಸದ ಇನ್ನೊಂದು ಹಿಡಿ

ನಮ್ಮ ಯಜಮಾನರ ಗರಗಸ ಇಬ್ಬರು ಎಳೆಯುವಂಥದ್ದು. ಆಳುದ್ದದ ಅಲಗು, ಎರಡು ತುದಿಗೂ ಒಂದೊಂದು ಮರದ ಹಿಡಿ. ಹೆಗ್ಗಡದೇವನಕೋಟೆ ಕಾಡಿನಲ್ಲಿ ಅವರೂ ಅವರ ಜೊತೆಗಾರನೂ ಕಡಿದುರುಳಿಸಿದ ಮರಗಳನ್ನು ಅದರಲ್ಲೇ ತುಂಡು ಹಾಕುತ್ತಿದ್ದರು. ಐವತ್ತರ ದಶಕದ ಮೊದಲಲ್ಲಿ ಆ ಕಾಡಿನ ಚಳಿಜ್ವರ ಹಿಡಿಯಿತು ನೋಡಿ, ಒಂದು ವರ್ಷ ಮನುಷ್ಯ ಜಗಲಿ ಬಿಟ್ಟು ಇಳಿಯಲಿಲ್ಲ. ಜೊತೆಗಾರ ಬೇರೆಯವನ ಕೂಡ ಕೆಲಸಕ್ಕೆ ಹೋದ. ಗರಗಸ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯಿತು.

ಜ್ವರವೇನೋ ಬಿಟ್ಟಿತು, ಧೈರ್ಯ ವಾಪಸು ಬರಲಿಲ್ಲ. ಒಂದು ಬೆಳಿಗ್ಗೆ ಗರಗಸ ಹೆಗಲಿಗೆ ಹಾಕಿಕೊಂಡು ಹೊರಟರು. ಎಲ್ಲಿಗೆ ಅಂದೆ.

"ಆಚಾರಿ ತಾವ. ಕತ್ತರ್ಸಿ ನಾಕು ಮಚ್ಚು ಮಾಡ್ಕೊಡ್ತಾನೆ. ನನ್ ಕೈಲಿ ಇನ್ನ ಮರ ಕುಯ್ಯಕಾಯ್ತದಾ?"

ನನಗೆ ಮೈಯೆಲ್ಲ ಉರಿದುಹೋಯಿತು. "ಮಚ್ಚು ಮಾಡ್ಸಿ ಏನ್ ಮಾಡೀರಿ? ಜಗಲಿ ಮ್ಯಾಲೆ ಕುಂತು ನೊಣ ಕೊಚ್ಚೀರಾ? ಇಳ್ಸಿ ಕೆಳೀಕೆ!"

ಕಾಯಿಲೆಯವರಿಗೆ ಹಾಗೆ ಅನ್ನಬಾರದಿತ್ತು, ಅಂದುಬಿಟ್ಟೆ. ಗರಗಸ ಹೋದರೆ ಇವರು ಮತ್ತೆ ಏಳುವುದಿಲ್ಲ ಅಂತ ನನಗೆ ಭಯ. ಅವರು ಗರಗಸ ಇಳಿಸಿ ಗೋಡೆಗೆ ಒರಗಿಸಿದರು.

ಇಟ್ಟಿಗೆ ಪುಡಿ, ಸೀಮೆಎಣ್ಣೆ ಹಾಕಿ ತೆಂಗಿನ ನಾರಿನಲ್ಲಿ ಮೂರು ದಿನ ನಾನೇ ತುಕ್ಕು ತಿಕ್ಕಿದೆ. ಹುಣಸೂರಿಗೆ ಹೋಗುವವರ ಕೈಲಿ ಹೊಸ ಅರ ತರಿಸಿದೆ. ಮಸೆಯುವುದು ಮಾತ್ರ ಅವರ ಕೆಲಸ. ಸೀಳಿದ ಕೊರಡಿನ ಸಂದಿಗೆ ಅಲಗು ಸಿಗಿಸಿ, ಹಲ್ಲುಗಳ ತುದಿಯೆಲ್ಲ ಒಂದೇ ಸಮ ಬರುವಂತೆ ಅರ ಎಳೆದರು. ಆಮೇಲೆ ಒಂದೊಂದೇ ಹಲ್ಲು ಚೂಪು ಮಾಡಿದರು. ಹತ್ತು ಹಲ್ಲಿಗೊಮ್ಮೆ ಉಸ್ಸಪ್ಪಾ ಅಂತ ಕೂರುತ್ತಿದ್ದರು. ಕೊನೆಗೆ ಒಂದು ಹಲ್ಲನ್ನು ಈ ಕಡೆ, ಪಕ್ಕದ್ದನ್ನು ಆ ಕಡೆ ಕೂದಲೆಳೆಯಷ್ಟು ಬಾಗಿಸಿದರು. ಹಾಗೆ ಮಾಡದಿದ್ದರೆ ಅಲಗು ಮರದೊಳಗೆ ಕಚ್ಚಿಕೊಳ್ಳುತ್ತದಂತೆ.

ಹಿತ್ತಲಲ್ಲಿ ಒಂದು ಬೇವಿನ ದಿಮ್ಮಿ ಇತ್ತು. ಇನ್ನೊಂದು ಹಿಡಿ ನಾನೇ ಹಿಡಿದೆ. ಹೆಂಗಸು ಗರಗಸ ಎಳೆಯುವುದುಂಟಾ ಅಂತ ನಮ್ಮತ್ತೆ ಕದ ಹಾಕಿಕೊಂಡರು. ಹಾಕಿಕೊಳ್ಳಲಿ.

ಅವರು ಎಳೆದರು, ನಾನು ಎಳೆದೆ. ಅವರ ತೋಳು ನಡುಗುವುದು ಹಿಡಿಯಿಂದಲೇ ನನ್ನ ಕೈಗೆ ತಿಳಿಯುತ್ತಿತ್ತು. ಅವರ ಸರದಿ ಬಂದಾಗ ಈ ಕಡೆಯಿಂದ ಮೆಲ್ಲಗೆ ತಳ್ಳಿಕೊಟ್ಟೆ. ಅಲಗು ಬಳುಕಿ ಕಿರ್ರೆಂದು ಸಿಕ್ಕಿಕೊಂಡಿತು.

ಅವರು ಹಿಡಿ ಬಿಟ್ಟು ಕೂತೇಬಿಟ್ಟರು. "ನೋಡ್ದಾ? ಯೋಳ್ನಿಲ್ವಾ ನಾನು? ಮಸ್ಯಾ ಕೈಯೂ ಓಯ್ತು, ಎಳ್ಯಾ ಕೈಯೂ ಓಯ್ತು."

ಅಯ್ಯೋ ಶಿವನೇ, ನಾನು ಮಾಡಿದ ತಪ್ಪು ಅವರ ತಲೆಗೆ ಬಂತಲ್ಲ! "ನಿಮ್ ಕೈ ಸರಿಯಾಗೇ ಅದೆ. ನಿಮ್ಗೆ ಕಷ್ಟ ಆಯ್ತದೆ ಅಂತ ನಾನೇ ತಳ್ದೆ," ಅಂದೆ.

ಬೈಯುತ್ತಾರೆ ಅಂದುಕೊಂಡೆ. ಎದ್ದು ಬಂದು, ಸಿಕ್ಕಿಕೊಂಡ ಅಲಗು ಬಿಡಿಸಿ, ಹಿಡಿ ಹಿಡಿದರು.

"ಇಬ್ರೂ ಎಳೀಬೇಕು ಕಣಮ್ಮಿ, ಯಾರೂ ತಳ್ಬಾರ್ದು. ನೀ ಎಳ್ದಾದ್ ಮ್ಯಾಲೆ ಕೈ ಸಡ್ಲ ಬುಡು. ನಂದ ನಾನೆಳ್ಕತೀನಿ."

ನಾನು ಎಳೆದೆ, ಕೈ ಸಡಿಲ ಬಿಟ್ಟೆ. ಒಂದು ವರ್ಷ ಗಂಜಿ ಕುಡಿಸಿದ್ದೆ, ಎತ್ತಿ ಕೂರಿಸಿದ್ದೆ. ಅದ್ಯಾವುದೂ ಹೀಗೆ ಸುಮ್ಮನೆ ಕಾಯುವಷ್ಟು ಕಷ್ಟವಾಗಿರಲಿಲ್ಲ. ಅಲಗು ಅಲ್ಲಾಡಲಿಲ್ಲ. ಆಮೇಲೆ ನಿಧಾನಕ್ಕೆ ಅವರ ಕಡೆಗೆ ಹೊರಟಿತು. ಪೂರ್ತಿ ಹೋಯಿತು.

"ಈಗ ನಿಂದು, ಎಳಿ," ಅಂದರು.