ಬಾಗಿಲಿಲ್ಲದ ಹೊಂಡ

ಮೊನ್ನೆ ಹರಿಯಬ್ಬೆಗೆ, ಅಕ್ಕನ ಮನೆಗೆ ಹೋಗಿದ್ದೆ. ಬೈಕು ನಿಲ್ಲಿಸಿ ಹೆಲ್ಮೆಟ್ ತೆಗೆಯುವಷ್ಟರಲ್ಲಿ ಮೂಗಿಗೆ ಬಡಿಯಿತು. ಚಪ್ಪಲಿ ಅಂಗಡಿಯಲ್ಲಿ ಯಾರೋ ಸೀಮೆಎಣ್ಣೆ ಚೆಲ್ಲಿದರೆ ಹೇಗಿರುತ್ತದೋ ಅಂಥ ವಾಸನೆ. ಅಂಗಳದ ತುಂಬ ಕೃಷಿ ಹೊಂಡಕ್ಕೆ ಹಾಸುವ ಕರೀ ಪ್ಲಾಸ್ಟಿಕ್ ಹಾಳೆ ಬಿಚ್ಚಿ ಹರವಿದ್ದರು. ಅಕ್ಕನ ಕೋಳಿಗಳು ಅದರ ಮೇಲೆ ಕಾಲಿಟ್ಟು, ಬಿಸಿಗೆ ಎತ್ತಿ, ಮತ್ತೆ ಇಟ್ಟು, ಮತ್ತೆ ಎತ್ತಿ ಕುಣಿಯುತ್ತಿದ್ದವು. ನಗು ಬಂತು. ಕೋಳಿ ನೋಡಿ ಅಲ್ಲ. ಈ ವಾಸನೆ ಬಂದರೆ ಸಾಕು, ನನಗೆ ನಗುವೂ ಬರುತ್ತದೆ, ನಾಚಿಕೆಯಿಂದ ಕಿವಿಯೂ ಬಿಸಿಯಾಗುತ್ತದೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ. ಹಾಳೆಯ ಮೇಲೆ ಬೇಡ.

ಮೊದಲು ನನ್ನ ಕಸುಬು ತಿಳಿದಿರಲಿ. ನಾನು ಅಣಕಿಸುವವನು. ಹೊಸದುರ್ಗದ ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲ ಅನ್ನುವ ರೀತಿ, ಹಾಲುರಾಮೇಶ್ವರಕ್ಕೆ ಬಂದ ಯಾತ್ರಿಕರ ಗುಂಪಿನ ಯಜಮಾನ ತಲೆ ಎಣಿಸಿ ತನ್ನನ್ನೇ ಬಿಟ್ಟು ಗಾಬರಿಯಾಗುವ ರೀತಿ, ಎಲ್ಲ ಮಾಡುತ್ತೇನೆ. ಕೊಳವೆಬಾವಿ ಕೊರೆಯುವ ಲಾರಿಯನ್ನೂ ಮಾಡುತ್ತೇನೆ. ಅದರಲ್ಲಿ ಎರಡು ಸದ್ದು: ಬರೀ ಧೂಳು ಬರುವಾಗ ಒಂದು, ನೀರು ಚಿಮ್ಮುವಾಗ ಒಂದು. ನಮ್ಮ ಮಾಡದಕೆರೆ ಕಡೆ ಮೊದಲನೆಯದನ್ನು ಕಲಿಯಲು ಬೇಕಾದಷ್ಟು ಅವಕಾಶ ಇತ್ತು. ಎರಡನೆಯದನ್ನು ಕೇಳಿಸಿಕೊಳ್ಳಲು ಹೊಳಲ್ಕೆರೆಯ ಮಾವನ ಹೊಲದವರೆಗೂ ಹೋಗಬೇಕಾಯಿತು. ಎಲ್ಲರ ದನಿಯೂ ನನ್ನ ಹತ್ತಿರ ಇತ್ತು. ನನ್ನ ಸ್ವಂತದ್ದು ಯಾವುದು ಅಂತ ಯಾರೂ ಕೇಳಿರಲಿಲ್ಲ, ನಾನೂ ಹುಡುಕಿರಲಿಲ್ಲ.

ನಾನು ಅತಿ ಹೆಚ್ಚು ಅಣಕಿಸಿದ್ದು ನಮ್ಮ ದೊಡ್ಡಪ್ಪನನ್ನು. ಆಗ ನಾನು ಇದ್ದದ್ದೂ ಅವನ ಮನೆಯಲ್ಲೇ. ದೊಡ್ಡಪ್ಪ ಕುರಿ ಕಾಯುವವನು. ಅವನ ಅಪ್ಪ, ಅಜ್ಜ, ಅಜ್ಜನ ಅಪ್ಪ ಎಲ್ಲರೂ ಕುರಿಯ ಹಿಂದೆಯೇ ನಡೆದವರು. ಸಂಜೆ ಕುರಿಗಳನ್ನು ರೊಪ್ಪಕ್ಕೆ ಕೂಡಿದ ಮೇಲೆ ದೊಡ್ಡಪ್ಪ ಮುಳ್ಳುಬೇಲಿಯ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದ. ಅಂಗೈಯಷ್ಟು ಸಂದು ಕಂಡರೂ ಅಲ್ಲಿಗೊಂದು ಜಾಲಿ ಮುಳ್ಳಿನ ಕೊಂಬೆ. ತೋಳಕ್ಕೆ ಮೂಗು ತೂರಿಸಲು ಜಾಗ ಸಿಕ್ಕರೆ ಸಾಕು, ಮೈ ಆಮೇಲೆ ತಾನೇ ಬರುತ್ತದೆ ಎನ್ನುವುದು ಅವನ ಸಿದ್ಧಾಂತ. ಅವನು ಕುರಿ ಕರೆಯುವ ಕೂಗು ಬೇರೆ: "ಟುರ್ರ್ರಾ... ಬಾಬಾಬಾ." ನಾನು ಕೂಗಿದರೂ ಕುರಿಗಳು ತಲೆಯೆತ್ತುತ್ತಿದ್ದವು. ನನ್ನ ಮುಖ ನೋಡಿ ಮತ್ತೆ ಮೇಯುತ್ತಿದ್ದವು. ಅಷ್ಟು ಖಡಕ್ಕಾದ ವಿಮರ್ಶಕರು ನನಗೆ ಆಮೇಲೆ ಸಿಕ್ಕಿಲ್ಲ.

ದೊಡ್ಡಮ್ಮ ಬೇಸಾಯದ ಕಡೆ. ಬೆಳೆಗಳನ್ನು ಅವಳು ನೆಂಟರಂತೆ ವಿಂಗಡಿಸಿದ್ದಳು. ರಾಗಿ ಬಡವರ ಮನೆಯ ನೆಂಟ, ಒಂದು ಲೋಟ ನೀರು ಕುಡಿದು ಸಮಾಧಾನವಾಗಿ ಕೂರುತ್ತದೆ. ಶೇಂಗಾ ಬಂದ ದಿನ ಒಮ್ಮೆ, ಹೊರಡುವ ದಿನ ಒಮ್ಮೆ ಕೇಳುತ್ತದೆ. ಬಾಳೆ ಮಾತ್ರ ಹೊಸ ಅಳಿಯ, ದಿನಾ ಕೊಟ್ಟರೂ ಮುಖ ಊದಿಸಿಕೊಂಡೇ ಇರುತ್ತದೆ. ಇಷ್ಟು ಗೊತ್ತಿದ್ದೂ ಅವಳು ದಾಳಿಂಬೆ ಮೇಲೆ ಮನಸ್ಸು ಮಾಡಿದಳು. ಅರವತ್ತು ಸಸಿ ತಂದು ನೆಟ್ಟಳು. ಬಾವಿ ತಳ ಕಂಡಿದ್ದರಿಂದ ಊರ ಟ್ಯಾಂಕಿನಿಂದ ಬಿಂದಿಗೆಯಲ್ಲಿ ಹೊತ್ತು ಹೊಯ್ದಳು. ಬೇಸಿಗೆಯಿಡೀ ಅವಳ ಸೊಂಟದ ಬಲಭಾಗ ಒದ್ದೆ, ಎಡಭಾಗ ನೋವು.

ಹೊಂಡದ ಮಾತು ತೆಗೆದವಳೂ ಅವಳೇ. ಮೇಲಿನ ಮೊರಡಿಯಿಂದ ಮಳೆನೀರು ಇಳಿದುಬರುವ ಜಾಗ ನಮ್ಮ ಹೊಲದಲ್ಲಿ ಒಂದೇ ಇತ್ತು, ಅಲ್ಲಿ ಮೂರು ತಲೆಮಾರಿನಿಂದ ಕುರಿ ರೊಪ್ಪ ಇತ್ತು. ದೊಡ್ಡಪ್ಪ ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ ಕುರಿಗಳನ್ನು ದೊಡ್ಡಮ್ಮನ ತಮ್ಮನ ಹೊಲಕ್ಕೆ ಹೊಡೆದು ಬಂದು ಕರಾರು ಹೇಳಿದ. ದೀಪಾವಳಿಯೊಳಗೆ ಹೊಂಡದಲ್ಲಿ ಎದೆಮಟ್ಟ ನೀರು ನಿಲ್ಲಬೇಕು. ನಿಲ್ಲದಿದ್ದರೆ ಹೊಂಡ ಮುಚ್ಚಿ ಅಲ್ಲೇ ಮತ್ತೆ ರೊಪ್ಪ, ದಾಳಿಂಬೆ ಕಿತ್ತು ಕುರಿಗೆ ಮೇವು. ದೊಡ್ಡಮ್ಮ ಒಪ್ಪಿದಳು. ನಮ್ಮ ಕಡೆಯ ಮಳೆ ಗೊತ್ತಲ್ಲ? ವರ್ಷಕ್ಕೆ ನಾಲ್ಕೈದು ಸಲ ಭೋರೆಂದು ಬಂದು, ವಿಳಾಸ ತಪ್ಪಿ ಬಂದವರ ಹಾಗೆ ಹೊರಟುಹೋಗುತ್ತದೆ. ಒಂದು ಮಳೆ ಕೈಬಿಟ್ಟರೂ ಅರವತ್ತು ಗಿಡದ ಕತೆ ಮುಗಿದ ಹಾಗೆ.

ಈಗ ನನ್ನ ಪಾತ್ರ. ಜಾಗ ತೋರಿಸಲು ಕೃಷಿ ಇಲಾಖೆಯಿಂದ ಒಬ್ಬ ಸಾಹೇಬರು ಬಂದರು. ದೊಡ್ಡಪ್ಪ ಕುರಿ ನೋಡಿಕೊಂಡು ಬರಲು ಹೋಗಿದ್ದ, ದೊಡ್ಡಮ್ಮ ಬಿಂದಿಗೆಯ ಜೊತೆಗಿದ್ದಳು. ಅವರ ಮಾತು ಕೇಳಿಸಿಕೊಂಡವನು ನಾನೊಬ್ಬ. ಪಾಪ, ಬಿಸಿಲಲ್ಲಿ ಹೊಲದ ಸುತ್ತ ಓಡಾಡಿ ಅಚ್ಚುಕಟ್ಟಾಗಿ ವಿವರಿಸಿದರು. ಆದರೆ ಅವರು ಮೂಗಿನಲ್ಲಿ ಮಾತಾಡುತ್ತಿದ್ದರು. ಎರಡು ವಾಕ್ಯಕ್ಕೊಮ್ಮೆ ಕನ್ನಡಕ ಎತ್ತಿ "ಅರ್ಥ ಆಯ್ತಾ ಹಿಂಗೆ?" ಅನ್ನುತ್ತಿದ್ದರು. ಮುಖ್ಯವಾದ್ದು ಹೇಳುವ ಮುನ್ನ ಹಳೇ ಸ್ಕೂಟರು ಸ್ಟಾರ್ಟ್ ಆಗದೆ ನಿಂತ ಹಾಗೆ ಮೂರು ಸಲ ಕೆಮ್ಮುತ್ತಿದ್ದರು. ನನ್ನಂಥವನಿಗೆ ಇಷ್ಟು ಸಿಕ್ಕರೆ ಹಬ್ಬ. ನಾನು ಕಿವಿಯಿಂದ ಕೇಳಲೇ ಇಲ್ಲ, ಬಾಯಿಂದಲೇ ಕೇಳಿಸಿಕೊಂಡೆ.

ಸಂಜೆ ಪಡಸಾಲೆಯಲ್ಲಿ ಪ್ರದರ್ಶನ. ದೊಡ್ಡಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕಳು. ನಾಲ್ಕು ದಿನ ಮಾತು ಬಿಟ್ಟಿದ್ದ ದೊಡ್ಡಪ್ಪನೇ ಮೊಣಕಾಲು ಬಡಿದುಕೊಂಡು, "ಲೇ, ಇನ್ನೊಂದ್ಸಲ ಮಾಡಲೇ" ಅಂದ. ಮಾಡಿದೆ. ಒಟ್ಟು ಮೂರು ಸಲ. ಮೂರು ಸಲವೂ ಕೆಮ್ಮಿನ ಹತ್ತಿರ ನಗು ಸಿಡಿಯುತ್ತಿತ್ತು, ಮೂರು ಸಲವೂ ಅಲ್ಲಿಗೇ ನಿಲ್ಲಿಸಿದೆ. ನಗು ಬಂದಲ್ಲಿ ಇಳಿದುಬಿಡಬೇಕು ಅನ್ನುವುದು ನಮ್ಮ ಕಸುಬಿನ ಶಿಸ್ತು. ಕೆಮ್ಮಿನ ಆಚೆ ಸಾಹೇಬರು ಏನೋ ಹೇಳಿದ್ದರು ಎನ್ನುವುದು ನನಗೂ ಮರೆತುಹೋಯಿತು.

ಜೆಸಿಬಿ ಬಂತು, ಅಗೆಯಿತು, ಹೋಯಿತು. ಹಾಳೆ ಹಾಸಿದೆವು. ತೆಗೆದ ಮಣ್ಣನ್ನು ನಾಲ್ಕೂ ಸುತ್ತ ಏರಿ ಹಾಕಿದ್ದರು. ಆಮೇಲಿನ ಕೆಲಸ ದೊಡ್ಡಪ್ಪನದು. ಸಲಿಕೆ ಹಿಡಿದು ಏರಿಯ ಮೇಲೆ ಒಂದು ವಾರ ಸುತ್ತಿದ. ಎಲ್ಲಿ ತಗ್ಗು ಕಂಡರೂ ಮಣ್ಣು, ಎಲ್ಲಿ ಸಂದು ಕಂಡರೂ ಕಲ್ಲು. ಕೊನೆಗೆ ಮೇಲಿನಿಂದ ಜಾಲಿ ಮುಳ್ಳು. ಸಂಜೆ ಒಂದು ಪ್ರದಕ್ಷಿಣೆ. ಒಲ್ಲದ ಮನಸ್ಸಿನಿಂದ ಶುರುಮಾಡಿದವನಿಗೆ ಈಗ ಕುರಿಮರಿಯ ಹಾಗೆ ಹೊಂಡದ ಮೈಮೇಲೆ ಕೈಯಾಡಿಸುವುದೊಂದು ಬಾಕಿ. ನಾನೂ ಹೊಗಳಿದೆ, ದುರ್ಗದ ಕೋಟೆ ಇದರ ಮುಂದೆ ಏನೂ ಅಲ್ಲ ಅಂತ. ಆ ಕೋಟೆಗೂ ಒಂದು ಕಿಂಡಿ ಇತ್ತು ಅನ್ನುವುದು ಆಗ ನೆನಪಾಗಬಾರದಿತ್ತೇ?

ಉತ್ತರೆ ಮಳೆ ಬಂದದ್ದು ಮಧ್ಯಾಹ್ನ, ಮುದ್ದೆ ತಟ್ಟೆಗೆ ಬಿದ್ದ ಹೊತ್ತಿಗೆ. ಮುದ್ದೆ ಅಲ್ಲೇ ಬಿಟ್ಟು ಮೂವರೂ ಓಡಿದೆವು. ಎಂಥ ಮಳೆ ಅಂತೀರಿ! ದೊಡ್ಡಮ್ಮ ದಾಳಿಂಬೆ ಸಾಲಿನ ನಡುವೆ ಕೈ ಚಾಚಿ ನಿಂತಳು. ನಾನು ಕಪ್ಪೆ, ಗುಡುಗು, ಸಾಹೇಬರು ಮೂವರನ್ನೂ ಒಟ್ಟಿಗೆ ಮಾಡುತ್ತ ಕುಣಿದೆ. ಮೊರಡಿಯಿಂದ ಕೆಂಪು ನೀರು ಇಳಿದು ಬಂತು. ಹೊಂಡದ ಏರಿಯ ತನಕ ಬಂತು. ಬಂದು, ಒಂದು ಕ್ಷಣ ನಿಂತಿತು. ಊಟಕ್ಕೆ ಕರೆದವರ ಮನೆಗೆ ಬೀಗ ಬಿದ್ದಿದ್ದು ನೋಡಿದ ನೆಂಟರ ಹಾಗೆ ಆಚೀಚೆ ನೋಡಿತು. ಆಮೇಲೆ ಎರಡು ಪಾಲಾಗಿ, ಏರಿಯ ಎಡಕ್ಕಿಷ್ಟು ಬಲಕ್ಕಿಷ್ಟು ಸುತ್ತು ಹಾಕಿ, ಕೆಳಗೆ ಮತ್ತೆ ಕೂಡಿಕೊಂಡು ಪಕ್ಕದ ಹೊಲದ ರುದ್ರಣ್ಣನ ಕಡೆ ಹೊರಟಿತು. ಹೊಂಡದೊಳಗೆ ಆಕಾಶದಿಂದ ನೆಟ್ಟಗೆ ಬಿದ್ದಷ್ಟೇ ನೀರು, ಗುಬ್ಬಚ್ಚಿ ಮೀಯುವಷ್ಟು.

ತಲೆಗೆ ಗೊಬ್ಬರದ ಚೀಲ ಹೊದ್ದ ರುದ್ರಣ್ಣ ಬದುವಿನ ಮೇಲೆ ನಿಂತು ಕೂಗಿದ. "ನಂಗೆ ಸಾಕು ಕಣ್ರಪ್ಪ. ನೀವೂ ಒಂದಿಷ್ಟು ಇಟ್ಕಳ್ರಿ."

ದೊಡ್ಡಪ್ಪ ಏರಿಯ ಮೇಲೆ ಕಲ್ಲಾಗಿ ನಿಂತಿದ್ದ. ದೊಡ್ಡಮ್ಮ ಹತ್ತಿರ ಬಂದು ಹೊಂಡ ನೋಡಿದಳು, ಹೊರಗೆ ಓಡುವ ನೀರು ನೋಡಿದಳು, ಗಂಡನ ಮುಖ ನೋಡಿದಳು. ಮೆಲ್ಲಗೆ ಅಂದಳು, "ಕುರಿ ಎಲ್ಲ ಹೊರಗೇ ಅವೆ. ನೀನು ರೊಪ್ಪದ ಬಾಗ್ಲು ಹಾಕ್ಕಂಡು ಕುಂತಿದೀಯ."

ಆಗ ನನಗೆ ಕೆಮ್ಮಿನ ಆಚೆಯದು ನೆನಪಾಯಿತು. ತಮಾಷೆ ನೋಡಿ, ಅದು ನನ್ನ ದನಿಯಲ್ಲಿ ಬರಲೊಲ್ಲದು. ಕೆಮ್ಮದೆ ಬರುವುದೇ ಇಲ್ಲ. ಸುರಿಯುವ ಮಳೆಯಲ್ಲಿ ಇಲ್ಲದ ಕನ್ನಡಕ ಎತ್ತಿ, ಮೂರು ಸಲ ಕೆಮ್ಮಿ, ಮೂಗಿನಲ್ಲೇ ಹೇಳಿದೆ: "ಮೇಲ್ಗಡೆ ನೀರು ಬರೋ ಕಡೆ ಬಾಯಿ ಬಿಡ್ರಿ. ಬಾಯಿ ಮುಂದೆ ಹೂಳು ತಂಗೋಕೆ ಒಂದು ಗುಂಡಿ. ತುಂಬಿದ್ಮೇಲೆ ಹೊರಗೆ ಹೋಗೋಕೆ ಕೆಳಗಡೆ ಒಂದು ದಾರಿ. ಅರ್ಥ ಆಯ್ತಾ ಹಿಂಗೆ?"

ಯಾರೂ ನಗಲಿಲ್ಲ. ನನ್ನ ಜೀವನದ ಅತ್ಯುತ್ತಮ ಪ್ರದರ್ಶನ, ಒಂದು ಚಪ್ಪಾಳೆ ಇಲ್ಲ.

"ಇದನ್ನ ಅವತ್ಯಾಕೆ ಹೇಳ್ಲಿಲ್ಲ?" ದೊಡ್ಡಪ್ಪ ಕೇಳಿದ.

"ನೀವು ನಕ್ಕುಬಿಟ್ರಿ."

ಅವನು ಹೊಡೆಯುತ್ತಾನೆ ಅಂದುಕೊಂಡೆ. ಅವನಿಗೆ ಪುರುಸೊತ್ತು ಇರಲಿಲ್ಲ. ತಾನೇ ಇಟ್ಟ ಮುಳ್ಳನ್ನು ಬರಿಗೈಯಲ್ಲಿ ಎಳೆದು ಎಸೆಯತೊಡಗಿದ್ದ. ಸುಮ್ಮನೆ ನಿಂತಿದ್ದರೆ ಕರಾರಿನಂತೆ ಅವನ ರೊಪ್ಪ ಅವನಿಗೆ ವಾಪಸ್ ಸಿಗುತ್ತಿತ್ತು. ಅದು ಅವನಿಗೆ ಹೊಳೆಯಲೇ ಇಲ್ಲ. ಅಥವಾ ಹೊಳೆದಿತ್ತೋ, ನಾನು ಇವತ್ತಿಗೂ ಕೇಳಿಲ್ಲ. ಸಲಿಕೆ, ಹಾರೆ, ಕೈ, ಕಾಲು ಎಲ್ಲ ಆಯಿತು, ನಾನು ಮುದ್ದೆ ತಟ್ಟೆಯನ್ನೂ ತಂದು ಮಣ್ಣು ತೋಡಿದೆ. ರುದ್ರಣ್ಣ ಗುದ್ದಲಿ ಸಮೇತ ಓಡಿ ಬಂದ. ಬರುವಾಗ, ತನ್ನ ಹೊಲಕ್ಕೆ ಬಂದ ನೀರನ್ನು ತಾನೇ ತಿರುಗಿಸಿ ಕೊಡಲು ಹೊರಟ ಮೊದಲ ರೈತ ತಾನೇ ಇರಬೇಕು ಅಂತ ಗೊಣಗುತ್ತಲೇ ಬಂದ.

ಏರಿ ಸೀಳಿದೆವು. ಅಲ್ಲೊಂದು ಆತಂಕ. ಕಲ್ಲು ಸಮೇತ ನೀರು ನುಗ್ಗಿದರೆ ಹೊಸ ಹಾಳೆ ಹರಿದುಹೋಗುತ್ತದೆ. ದೊಡ್ಡಪ್ಪ ಹೆಗಲ ಮೇಲಿನ ಕರೀ ಕಂಬಳಿ ತೆಗೆದ. ಮದುವೆಗೂ ಬಿಟ್ಟಿರದ, ಮಲಗಿದರೂ ಬಿಡದ ಕಂಬಳಿ. ಅದನ್ನು ಬಾಯಿಗೆ ಅಡ್ಡಲಾಗಿ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟ. ಆಮೇಲೆ ಪಕ್ಕಕ್ಕೆ ಸರಿದು, ಮೊರಡಿಯ ಕಡೆ ತಿರುಗಿ, ಕೈ ಬೀಸಿ ಕೂಗಿದ.

"ಟುರ್ರ್ರಾ... ಬಾಬಾಬಾ."

ನೀರು ಬಂತು ನೋಡಿ. ಮೊದಲು ಒಂದು ನಾಲಿಗೆ ಚಾಚಿ ಕಂಬಳಿ ಮೂಸಿತು. ಆಮೇಲೆ ಮುಂದಿನದರ ಬೆನ್ನ ಮೇಲೆ ಹಿಂದಿನದು, ಹಿಂಡು ಹಿಂಡಾಗಿ, ಒಂದನ್ನೊಂದು ನೂಕಿಕೊಂಡು ಒಳಗೆ ನುಗ್ಗಿತು. ನಾನೂ ಕೂಗಿದೆ. ದೊಡ್ಡಮ್ಮ ಕೂಗಿದಳು, ನಗುತ್ತ, ಅಳುತ್ತ, ಕೆಮ್ಮುತ್ತ. ಜನ್ಮದಲ್ಲಿ ಕುರಿ ಸಾಕದ ರುದ್ರಣ್ಣನೂ ಕೂಗಿದ, ಅವನದು ಎಮ್ಮೆ ಕರೆದ ಹಾಗಿತ್ತು. ಪರವಾಗಿಲ್ಲ, ನೀರು ಒಳಗೆ ಬಂತು. ಕೆಸರಿನಲ್ಲಿ ನಾಲ್ಕು ಜನ ಹುಚ್ಚರಂತೆ ಕುಣಿಯುತ್ತ ಮಳೆಯನ್ನು ರೊಪ್ಪಕ್ಕೆ ಕೂಡಿದೆವು. ಮಳೆ ನಿಂತಾಗ ಮೊಣಕಾಲಿನಷ್ಟು ನೀರಿತ್ತು. ಅರ್ಧ ಮಳೆ ನನ್ನ ಕೆಮ್ಮಿಗೆ ಹೋಗಿತ್ತು, ಉಳಿದರ್ಧ ಅದು.

ಬಾಯಿಗೆ ಕಲ್ಲು ಕಟ್ಟಿದೆವು, ಮುಂದೆ ಹೂಳಿನ ಗುಂಡಿ ತೋಡಿದೆವು, ಕೆಳಗಡೆ ಹೊರದಾರಿಯನ್ನೂ ಬಿಟ್ಟೆವು. ಹಸ್ತ ಮಳೆ ಸರಿಯಾದ ವಿಳಾಸಕ್ಕೆ ಬಂತು. ದೀಪಾವಳಿಗೆ ಎರಡು ದಿನ ಮುಂಚೆ ದೊಡ್ಡಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ತುದಿಯನ್ನು ನನ್ನ ಕೈಗೆ ಕೊಟ್ಟು, ಹೊಂಡಕ್ಕೆ ಇಳಿದ. ನೀರು ಅವನ ಎದೆಗೆ ಬಂತು. ಅಲ್ಲೇ ನಿಂತು ಹೆಂಡತಿಯ ಕಡೆ ನೋಡಿದ. ಅವಳು ನೋಡದವಳ ಹಾಗೆ ಬಿಂದಿಗೆಯನ್ನು ಬೋರಲು ಹಾಕಿದಳು. ಈಗ ಅಲ್ಲಿ ಐವತ್ತೆಂಟು ದಾಳಿಂಬೆ ಗಿಡ ಇವೆ. ಎರಡನ್ನು ಕುರಿ ತಿಂದವು, ಅದರಲ್ಲಿ ನನ್ನ ಪಾತ್ರ ಇಲ್ಲ. ಕಂಬಳಿಯ ಕೆಂಪು ಎಷ್ಟು ತೊಳೆದರೂ ಹೋಗಿಲ್ಲ.

ಹರಿಯಬ್ಬೆಗೆ ಬರೋಣ. ಹಾಳೆ ಹೊತ್ತುಕೊಂಡು ಹೊಲಕ್ಕೆ ಹೋದೆವು. ಅಕ್ಕನ ಮಾತು ಕೇಳಿ ಭಾವ ಜಾಗ ಚೆನ್ನಾಗಿಯೇ ಆರಿಸಿದ್ದ. ಏರಿ ಮುಗಿಯುತ್ತ ಬಂದಿತ್ತು, ಮೇಲ್ಗಡೆ ಒಂದೇ ಸಂದು ಉಳಿದಿತ್ತು. ಅವನದೂ ಕುರಿಯವರ ಮನೆ. ಸಲಿಕೆ ತುಂಬ ಮಣ್ಣೆತ್ತಿ ಆ ಸಂದಿನ ಹತ್ತಿರ ನಿಂತವನು ನನ್ನ ನೋಡಿ ನಕ್ಕ. ಮಾತು ಆಮೇಲಾಗಲಿ, ಮೊದಲು ಆ ಕೆಮ್ಮೋ ಸಾಹೇಬರನ್ನ ಮಾಡು ಅಂದ. ಕೆಲಸಕ್ಕೆ ಬಂದವರೂ ಗುದ್ದಲಿಗೆ ಕೈಯೂರಿ ಕಾದರು.

ಗಂಟಲು ಸರಿಮಾಡಿಕೊಂಡೆ. ಇಲ್ಲದ ಕನ್ನಡಕದ ಕಡೆ ಕೈ ಹೋಯಿತು, ಕೈ ಕೆಳಗಿಳಿಸಿದೆ.

"ಭಾವ, ಆ ಸಂದು ಮುಚ್ಚಬ್ಯಾಡ. ನೀರು ಬರೋದು ಅಲ್ಲಿಂದ."

ಭಾವ ಸಲಿಕೆಯ ಮಣ್ಣನ್ನು ಪಕ್ಕಕ್ಕೆ ಸುರಿದು, ನನ್ನ ಮುಖ ನೋಡಿದ.

"ಇದು ಯಾರ ದನಿನಪ್ಪ, ಗೊತ್ತಾಗ್ಲಿಲ್ಲ" ಅಂದ. "ಇನ್ನೊಂದ್ಸಲ ಮಾಡು."