ಹರಿವಿಲ್ಲದ ನೀರು

ಮೇಡ್ಲೇರಿಯ ಪರಮೇಶಪ್ಪ ತುಂಗಭದ್ರೆಯಲ್ಲಿ ಮುಳುಗುತ್ತಿದ್ದ ಏಳು ಜನರನ್ನು ಬದುಕಿಸಿದವನು. ಊರಿಗೆ ಅವನೆಂದರೆ ಹೆಮ್ಮೆ. ಅವನಿಗೂ ತಾನೆಂದರೆ ಏನೂ ಕಡಿಮೆ ಹೆಮ್ಮೆ ಇರಲಿಲ್ಲ. ಚಹಾದಂಗಡಿಯಲ್ಲಿ ಕೂತರೆ ಅದೇ ಪಾಠ ಒಪ್ಪಿಸುತ್ತಿದ್ದ: ಮುಳುಗಿದವರನ್ನು ಮುಳುಗಿದಲ್ಲೇ ಹುಡುಕುವವನು ದಡ್ಡ, ಅಷ್ಟರಲ್ಲಿ ಹೊಳೆ ಅವರನ್ನು ಮುಂದಕ್ಕೆ ಒಯ್ದಿರುತ್ತದೆ, ಹತ್ತು ಮಾರು ಆಚೆ ಹೋಗಿ ಮುಳುಗು ಹಾಕಬೇಕು. ನೂರು ಸಲ ಕೇಳಿದವರೂ ತಲೆಯಾಡಿಸುತ್ತಿದ್ದರು, ಯಾಕೆಂದರೆ ಮಾತು ನಿಜವೇ ಆಗಿತ್ತು.

ಎರಡು ವರ್ಷದ ಹಿಂದೆ ದೀಪಾವಳಿ ರಜೆಗೆ ಹೆಂಡತಿ ರೋಹಿಣಿ, ಮಗಳು ಶೈಲಶ್ರೀಯನ್ನು ಕರೆದುಕೊಂಡು ಬಾಗಲಕೋಟೆ ಕಡೆ ಪ್ರವಾಸ ಹೊರಟ. ಮಗಳು ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಮದುವೆಗೆ ಮುಂಚೆ ಮೂವರೂ ಒಮ್ಮೆ ಎಲ್ಲಾದರೂ ಹೋಗಿಬರೋಣವೆಂದು ಹಟ ಹಿಡಿದವಳೂ ಅವಳೇ. ಅಲ್ಲಿ ಹೊಲಗಳ ನಡುವೆ ಸುಣ್ಣಕಲ್ಲಿನ ನೆಲ ತಾನಾಗಿ ಕುಸಿದು ಆದ ದೊಡ್ಡ ಹೊಂಡವಿತ್ತು. ಸುತ್ತ ಕಡಿದಾದ ಬಂಡೆ, ನಡುವೆ ತಿಳಿಹಸಿರು ನೀರು. ತಂದೆ ಮಗಳು ಇಳಿದರು. ರೋಹಿಣಿಗೆ ಈಜು ಬಾರದು, ಮೇಲೆ ಬಂಡೆಯಂಚಿನಲ್ಲಿ ಕೂತಳು.

ನೀರು ಕೊರೆಯುವಷ್ಟು ತಣ್ಣಗಿತ್ತು. ನಟ್ಟನಡುವೆ ಶೈಲಶ್ರೀಯ ಕಾಲು ಸೆಟೆದುಕೊಂಡಿತು. ಅಪ್ಪಾ ಎಂದವಳೇ ಮುಳುಗಿದಳು. ಪರಮೇಶಪ್ಪ ಕ್ಷಣವೂ ತಡಮಾಡಲಿಲ್ಲ. ಮೈಗೆ ಹತ್ತಿದ ರೂಢಿಯಂತೆ ಹತ್ತು ಮಾರು ಆಚೆ ಈಜಿ ಅಲ್ಲಿ ಮುಳುಗು ಹಾಕಿದ. ಬರಿಗೈಲಿ ಮೇಲೆ ಬಂದಾಗ ರೋಹಿಣಿ ಕೈಚಾಚಿ ಕೂಗುತ್ತಿದ್ದಳು.

“ಅಲ್ಲಿ ಅಲ್ರೀ, ಮುಳುಗಿದಲ್ಲೇ ಅದಾಳ. ನನಗ ಕಾಣಾಕತ್ತಾಳ.”

“ನಿನಗೇನ್ ತಿಳೀತದ, ಸುಮ್ನಿರು,” ಎಂದ ಪರಮೇಶಪ್ಪ. ಇನ್ನೂ ಆಚೆ ಹೋಗಿ ಮತ್ತೆರಡು ಸಲ ಮುಳುಗಿದ. ಈ ನೀರಿಗೆ ಹರಿವೇ ಇಲ್ಲ ಎಂಬುದು ತಲೆಗೆ ಹೊಳೆಯುವಷ್ಟರಲ್ಲಿ ಹೊತ್ತು ಮೀರಿತ್ತು. ಹೆಂಡತಿ ತೋರಿಸಿದ ಜಾಗದಲ್ಲೇ ಮಗಳು ಸಿಕ್ಕಳು. ಉಸಿರಿರಲಿಲ್ಲ.

ಊರವರು ಹಣೆಬರಹ ಎಂದರು. ಅವನ ತಪ್ಪೆಂದು ಯಾರೂ ಅನ್ನಲಿಲ್ಲ, ರೋಹಿಣಿಯೂ ಅನ್ನಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದು ಮುಂದಿಡುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಆ ಸಮಾಧಾನವೇ ಪರಮೇಶಪ್ಪನನ್ನು ಹಿಂಡಿ ಹಾಕಿತು. ಹೊಳೆಯ ಕಡೆ ಹೋಗುವುದನ್ನು ಬಿಟ್ಟ, ಚಹಾದಂಗಡಿಯನ್ನೂ ಬಿಟ್ಟ. ವರ್ಷ ತುಂಬಿದ ದಿನ, ಮಗಳಿಗೆ ಎಡೆ ಇಟ್ಟು ಮುಗಿದ ಮೇಲೆ, ತಡೆಯಲಾರದೆ ಹೆಂಡತಿಗೆ ಕೈಮುಗಿದು, ಒಮ್ಮೆಯಾದರೂ ಬಾಯಿಗೆ ಬಂದಂತೆ ಬೈದುಬಿಡು ಎಂದು ಬೇಡಿಕೊಂಡ.

ರೋಹಿಣಿ ತಾಟು ಎತ್ತುತ್ತ ಅಂದಳು:

“ಬೈದ್ರ ನಿಮಗ ಹಗುರಾಗ್ತದ. ಅದಕ್ಕ ಬೈಯಂಗಿಲ್ಲ.”