ನಿಲ್ಲದ ಉಪಗ್ರಹ ಮತ್ತು ಡಿಶ್ ಮಂಜು

ನಸೀಮಾ ಟೀಚರ್ ಫೋನ್ ಮಾಡಿದಾಗ ನಾನು ಕುಮಟಾದಲ್ಲಿ ಒಬ್ಬರ ಮನೆ ಟೆರೇಸ್ ಮೇಲಿದ್ದೆ. ಡಿಶ್ ಕಟ್ಟಲಿಕ್ಕಲ್ಲ, ಬಿಚ್ಚಲಿಕ್ಕೆ.

ಈಗ ನನ್ನ ಕೆಲಸ ಹೆಚ್ಚಾಗಿ ಅದೇ. ಎಲ್ಲರ ಮನೆಗೂ ಫೈಬರ್ ಬಂತು. ಇಪ್ಪತ್ತು ವರ್ಷ ನಾನೇ ಕಟ್ಟಿದ ಡಿಶ್‌ಗಳನ್ನ ನಾನೇ ಇಳಿಸ್ತಾ ಇದ್ದೇನೆ. ಹೆಸರು ಮಂಜುನಾಥ, ಆದ್ರೆ ಕುಮಟಾದಿಂದ ಭಟ್ಕಳದವರೆಗೂ ಜನಕ್ಕೆ ನಾನು ಡಿಶ್ ಮಂಜು.

ಟೀಚರ್ ಭಟ್ಕಳದವರು. ಹೊನ್ನಾವರದ ಹತ್ತಿರದ ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡ್ತಾರೆ. ಹವಾಮಾನ ನೋಡುವ ಒಂದು ಉಪಗ್ರಹ ಇದೆ, ಅದು ಕಳಿಸುವ ಚಿತ್ರವನ್ನ ಯಾರು ಬೇಕಾದ್ರೂ ಹಿಡಿಯಬಹುದು, ಮಕ್ಕಳಿಗೆ ತೋರಿಸಬೇಕು, ಒಂದು ಆಂಟೆನಾ ಮಾಡಿಕೊಡ್ತೀರಾ ಅಂತ ಕೇಳಿದ್ರು.

ಆತು ಅಂದೆ. ಉಪಗ್ರಹದ ವಿಷಯ ಇನ್ನು ನನಗೆ ಯಾರು ಹೇಳಿಕೊಡಬೇಕು!

ಅಟ್ಟದಲ್ಲಿ ಬಿದ್ದಿದ್ದ ಹಳೇ ಟಿವಿ ಆಂಟೆನಾದ ಅಲ್ಯೂಮಿನಿಯಂ ಕಡ್ಡಿಗಳನ್ನ ಟೀಚರ್ ಕೊಟ್ಟ ಅಳತೆಗೆ ಕತ್ತರಿಸಿದೆ. ಒಂದು ಉದ್ದ ಪೈಪಿಗೆ ಸಾಲಾಗಿ ಜೋಡಿಸಿ ಕೇಬಲ್ ಹಾಕಿದೆ. ಟೀಚರ್ ಆನ್‌ಲೈನಲ್ಲಿ ಪೆನ್‌ಡ್ರೈವ್‌ನಷ್ಟೇ ದೊಡ್ಡ ಒಂದು ರಿಸೀವರ್ ತರಿಸಿ ತಮ್ಮ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ರು.

ಹೆಡ್‌ಮಾಸ್ತರು ಒಪ್ಪಿದ್ದು ಎರಡೇ ಶನಿವಾರಕ್ಕೆ. ಆಮೇಲೆ ಪರೀಕ್ಷೆ.

ಮೊದಲ ಶನಿವಾರ ಒಂಬತ್ತನೇ ಕ್ಲಾಸಿನ ಮಕ್ಕಳೆಲ್ಲ ಶಾಲೆಯ ಟೆರೇಸ್ ಮೇಲೆ. ನಾನು ಕಂಬಕ್ಕೆ ಆಂಟೆನಾ ಕೂರಿಸಿ, ಟೀಚರ್ ತೋರಿಸಿದಂತೆ ಉತ್ತರಕ್ಕೆ ಮುಖ ಮಾಡಿ, ಅವರು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ನಟ್ ಗಟ್ಟಿಯಾಗಿ ಬಿಗಿದೆ. ಬಿರುಗಾಳಿ ಬಂದ್ರೂ ಅಲ್ಲಾಡಬಾರದು, ಅದು ನಮ್ಮ ಕಸುಬಿನ ಮರ್ಯಾದೆ.

ಲ್ಯಾಪ್‌ಟಾಪಲ್ಲಿ ಎರಡು ಬೆರಳಗಲ ಚಿತ್ರ ಬಂತು. ಆಮೇಲೆ ಬರೀ ಕಪ್ಪು.

ಕೇಬಲ್ ನೋಡಿದೆ, ಪಿನ್ ನೋಡಿದೆ, ಎಲ್ಲಾ ಸರಿ ಇದೆ. ಅಷ್ಟರಲ್ಲಿ ಟೀಚರ್, "ಮಂಜಣ್ಣ, ಅದು ಹೋಗಿ ಆಯ್ತು" ಅಂದ್ರು. ಮಕ್ಕಳು ಸಾಲಾಗಿ ಕೆಳಗಿಳಿದು ಹೋದ್ರು. ಯಾರೂ ನಗಲಿಲ್ಲ. ನಕ್ಕಿದ್ರೆ ಚೆನ್ನಾಗಿತ್ತು ಅನಿಸಿತು...

ಮನೆಗೆ ಬಂದು ಊಟಕ್ಕೆ ಕೂತಾಗ ಹೆಂಡತಿ ಎಂತ ಆತು ಅಂತ ಕೇಳಿದಳು. ಅವಳಿಗೆ ವಿವರಿಸ್ತಾ ವಿವರಿಸ್ತಾ ನನಗೇ ನನ್ನ ತಪ್ಪು ಗೊತ್ತಾಯ್ತು.

ಡಿಶ್ ಟಿವಿಯ ಉಪಗ್ರಹ ನಮ್ಮ ಕಣ್ಣಿಗೆ ಆಕಾಶದಲ್ಲಿ ಒಂದೇ ಕಡೆ ನಿಂತಿರ್ತದೆ. ಒಮ್ಮೆ ಅದರ ಕಡೆ ತಿರುಗಿಸಿ ನಟ್ ಬಿಗಿದ್ರೆ ಮುಗೀತು. ಇದು ಹಾಗಲ್ಲ. ಎಷ್ಟೋ ಕೆಳಗೆ ಇರ್ತದೆ, ಧ್ರುವದಿಂದ ಧ್ರುವಕ್ಕೆ ಸುತ್ತುತ್ತಾ ಇರ್ತದೆ. ಉತ್ತರದಲ್ಲಿ ಮೂಡಿ, ಹತ್ತು ಹನ್ನೆರಡು ನಿಮಿಷದಲ್ಲಿ ದಕ್ಷಿಣದಲ್ಲಿ ಮುಳುಗ್ತದೆ.

ಸೂರ್ಯನ ಲೆಕ್ಕ ಹಿಡಿದು ದಿನಾ ಬೆಳಿಗ್ಗೆ ಸುಮಾರು ಅದೇ ಹೊತ್ತಿಗೆ ಬರ್ತದಂತೆ. ಹಾಗಾಗಿ ನಿನ್ನೆಯ ಮೋಡ, ಇವತ್ತಿನ ಮೋಡ ಎರಡನ್ನೂ ಒಂದೇ ತರದ ಬಿಸಿಲಲ್ಲಿ ಇಟ್ಟು ನೋಡಬಹುದು.

ಇದನ್ನೆಲ್ಲ ಟೀಚರ್ ಮೊದಲೇ ಹೇಳಿದ್ರು. ಕಿವಿ ಕೇಳಿತ್ತು. ಕೈ ಕೇಳಿರಲಿಲ್ಲ.

ಎರಡನೇ ಶನಿವಾರ ಆಕಾಶ ಪೂರ್ತಿ ಮುಚ್ಚಿಕೊಂಡಿತ್ತು. ಹೆಡ್‌ಮಾಸ್ತರು ಇವತ್ತು ಬೇಡ ಅಂದ್ರು. ರೇಡಿಯೋ ಅಲೆಗೆ ಮೋಡ ಅಡ್ಡ ಇಲ್ಲ ಸರ್ ಅಂತ ಟೀಚರ್ ಅವರನ್ನೂ ಟೆರೇಸಿಗೆ ಹತ್ತಿಸಿದ್ರು.

ಈ ಸಲ ಕಂಬ ಇಲ್ಲ, ನಟ್ ಇಲ್ಲ. ಆಂಟೆನಾ ನನ್ನ ಕೈಯಲ್ಲೇ. ಅವತ್ತು ಉಪಗ್ರಹ ಹೋಗೋದು ನೆತ್ತಿ ಮೇಲಿಂದ ಅಲ್ಲ, ಪಶ್ಚಿಮಕ್ಕೆ, ಸಮುದ್ರದ ಮೇಲಿಂದ. ದಾರಿಯನ್ನ ಟೀಚರ್ ಚಾಕ್‌ಪೀಸಲ್ಲಿ ಟೆರೇಸ್ ನೆಲದ ಮೇಲೆ ಬರೆದಿದ್ರು.

ಉತ್ತರಕ್ಕೆ ಹಿಡಿದು ನಿಂತೆ. ಒಂದು ನಿಮಿಷ ಏನೂ ಇಲ್ಲ.

"ಬಂತು" ಅಂದ್ರು ಟೀಚರ್.

ನೀವೂ ಮಾಡಿರ್ತೀರಿ ಅಲ್ವಾ, ಒಬ್ಬರು ಹೆಂಚಿನ ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸೋದು, ಕೆಳಗಿನವರು ಬಂತು, ಹೋಯ್ತು ಅಂತ ಕೂಗೋದು. ಅದೇ ಕಥೆ. ಟೀಚರ್ ಸ್ವಲ್ಪ ಎಡಕ್ಕೆ ಅಂದ್ರೆ ಎಡಕ್ಕೆ, ಮೇಲೆ ಅಂದ್ರೆ ಮೇಲೆ. ನಲವತ್ತೆಂಟು ವರ್ಷದ ನಾನು ಮಕ್ಕಳ ನಡುವೆ ಇಂಚಿಂಚೇ ತಿರುಗ್ತಾ ಇದ್ದೇನೆ. ಭುಜ ಉರೀತಾ ಇದೆ, ಇಳಿಸುವ ಹಾಗಿಲ್ಲ.

ಲ್ಯಾಪ್‌ಟಾಪ್ ಕಡೆ ನೋಡುವ ಹಾಗೂ ಇಲ್ಲ! ಮಕ್ಕಳೇ ಹೇಳ್ತಾ ಹೋದ್ರು. ಹಿಮಾಲಯ ಅಂತೆ. ಗುಜರಾತ್ ಅಂತೆ. ಮುಂಬೈ ಹತ್ತಿರ ದೊಡ್ಡ ಮೋಡ ಅಂತೆ. ಆಮೇಲೆ ನಮ್ಮ ಕರಾವಳಿ, ಪೂರ್ತಿ ಬೆಳ್ಳಗೆ.

ಮುಗಿದ ಮೇಲೆ ಆಂಟೆನಾ ಕೆಳಗಿಟ್ಟು ಹೋಗಿ ನೋಡಿದೆ. ಇಡೀ ಚಿತ್ರ, ಒಂದು ಕಡೆಯೂ ಕಪ್ಪಿಲ್ಲ. ಮಕ್ಕಳು ಈಗ ನಕ್ಕರು, ಚಪ್ಪಾಳೆ ಹೊಡೆದ್ರು, ಹೆಡ್‌ಮಾಸ್ತರು ನನ್ನ ಜೊತೆ ಫೋಟೋ ತೆಗೆಸಿಕೊಂಡ್ರು.

ಟೀಚರ್ ಮಾತ್ರ ಸ್ಕ್ರೀನಿನ ಎಡ ಅಂಚನ್ನೇ ನೋಡ್ತಾ ಇದ್ರು. ಅಲ್ಲಿ ಸಮುದ್ರದಾಚೆ ಚೂರು ನೆಲ ಕಾಣ್ತಾ ಇತ್ತು. ಮೋಡ ಇಲ್ಲದ, ಬೋಳು ನೆಲ.

"ಇದು ಒಮಾನ್, ಮಂಜಣ್ಣ. ನಮ್ಮ ಮನೆಯವರು ಅಲ್ಲೇ ಇರೋದು" ಅಂದ್ರು.

ಹನ್ನೊಂದು ವರ್ಷ ಆಯ್ತಂತೆ ಅವರ ಗಂಡ ಅಲ್ಲಿ ಕೆಲಸಕ್ಕೆ ಹೋಗಿ. ದಿನಾ ಫೋನಲ್ಲಿ ಮುಖ ನೋಡ್ತಾರೆ. ಆದ್ರೆ ತಾವಿರುವ ನೆಲ, ಅವರಿರುವ ನೆಲ ಒಂದೇ ಕ್ಷಣದ ಒಂದೇ ಫೋಟೋದಲ್ಲಿ ಇರೋದನ್ನ ನೋಡಿದ್ದು ಇದೇ ಮೊದಲು ಅಂದ್ರು.

ಅಲ್ಲೇ ನಿಂತು, ಏನು ಅಂತ ಹೇಳದೆ ಗಂಡನಿಗೆ ಚಿತ್ರ ಕಳಿಸಿದ್ರು. ಈಗ ನಿಮ್ಮ ಮೇಲೆ ಮೋಡ ಇಲ್ಲ ಅಲ್ವಾ ಅಂತ ಕೇಳಿದ್ರು.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಆಫೀಸಿಂದ ಹೊರಗೆ ಬಂದು ನೋಡಿದೆ, ಒಂದು ಚೂರು ಮೋಡವೂ ಇಲ್ಲ, ನಿನಗೆ ಹೇಗೆ ಗೊತ್ತಾಯ್ತು ಅಂತ. ಟೀಚರ್ ಅದನ್ನ ಮಕ್ಕಳಿಗೆ ಓದಿ ಹೇಳಿದ್ರು, ನಗ್ತಾ, ಕಣ್ಣು ಒರೆಸಿಕೊಳ್ತಾ.

ಅಷ್ಟರಲ್ಲಿ ನಮ್ಮ ಮೇಲಿನ ಮೋಡ ಸುರಿಯಲಿಕ್ಕೆ ಶುರುವಾಯ್ತು. ಲ್ಯಾಪ್‌ಟಾಪ್ ಹಿಡಿದುಕೊಂಡು ಎಲ್ಲರೂ ಕೆಳಗೆ ಓಡಿದ್ವಿ.

ನಿಮ್ಮವರು ಯಾರಾದ್ರೂ ದೂರದಲ್ಲಿದ್ರೆ, ಇವತ್ತು ಅವರ ತಲೆ ಮೇಲಿನ ಆಕಾಶ ಹೇಗಿದೆ ಅಂತ ಒಮ್ಮೆ ಕೇಳಿದ್ದೀರಾ?